ಮಗಳು "ಸುಧಾರಿಸಿದಳು" ಅಂತ ಖುಷಿಪಟ್ಟಿದ್ದೆ, ನೀವು ಹಾಗೆ ಮೋಸಹೋಗಬೇಡಿ

ಮಗಳಿಗೆ ಆಟಿಸಂ ಇದೆ ಅಂತ ಗೊತ್ತಾದಾಗ ಅವಳಿಗೆ 12 ವರ್ಷ. ಓದಿನಲ್ಲಿ ಚುರುಕು, ಮಾತೂ ಚೆನ್ನಾಗಿ ಬರುತ್ತದೆ. ಇಂಥ ಮಕ್ಕಳಿಗೆ ಮುಂಚೆ ಆಸ್ಪರ್ಗರ್ಸ್ ಅನ್ನುತ್ತಿದ್ದರು. 2013ರಲ್ಲಿ ಡಿಎಸ್‌ಎಂ-5, ಅಂದರೆ ಮನೋವೈದ್ಯರು ಬಳಸುವ ಅಮೆರಿಕದ ಕೈಪಿಡಿಯ ಐದನೇ ಆವೃತ್ತಿ, ಬಂದ ಮೇಲೆ ಅದೂ ಆಟಿಸಂ ಸ್ಪೆಕ್ಟ್ರಮ್ ಒಳಗೇ ಸೇರಿತು. ಈಗ ಜನ 'ಹೈ ಫಂಕ್ಷನಿಂಗ್' ಅನ್ನುತ್ತಾರೆ, ಅಂದರೆ ಹೆಚ್ಚು ಸಹಾಯ ಬೇಕಿಲ್ಲದವರು ಅಂತ. ಆ ಮಾತು ಕೇಳಿ ನನಗೆ ಸಮಾಧಾನವಾಯಿತು. ಸ್ವಲ್ಪ ತಿದ್ದಿದರೆ ಸರಿಹೋಗುತ್ತಾಳೆ ಅಂದುಕೊಂಡೆ. ನಾನು ಎಡವಿದ್ದು ಅಲ್ಲೇ.

ಒಂದು ಥೆರಪಿ ಸೆಂಟರ್‌ನವರು ಮೂರೇ ತಿಂಗಳಲ್ಲಿ "ಬೇರೆ ಮಕ್ಕಳ ಹಾಗೆ" ಮಾಡಿಕೊಡುತ್ತೇವೆ ಅಂದರು. ಕ್ಲಾಸ್ ನಡೆಯುವಾಗ ಅಪ್ಪ ಅಮ್ಮ ಒಳಗೆ ಇರುವ ಹಾಗಿಲ್ಲ. "ನೀವಿದ್ರೆ ಹಠ ಮಾಡ್ತಾಳೆ" ಅಂದರು. ಒಪ್ಪಿಕೊಂಡೆ.

ಕಣ್ಣಲ್ಲಿ ಕಣ್ಣಿಟ್ಟು ಮಾತಾಡಬೇಕು, ಕೈ ಆಡಿಸಬಾರದು, ಎದುರಿನವರು ನಕ್ಕರೆ ನಗಬೇಕು. ಅಲ್ಲಿ ಕಲಿಸಿದ್ದು ಇಷ್ಟೇ. ತಪ್ಪಿದರೆ ಸ್ಟಾರ್ ಕಟ್. ಹಳೇ ಫ್ರಾಕಿನಿಂದ ಕತ್ತರಿಸಿದ ಒಂದು ತುಂಡು ಬಟ್ಟೆ ಅವಳ ಹತ್ತಿರ ಯಾವಾಗಲೂ ಇರುತ್ತಿತ್ತು. ಗದ್ದಲ ಜಾಸ್ತಿಯಾದರೆ ಅದರ ಅಂಚನ್ನು ಎರಡು ಬೆರಳ ನಡುವೆ ಉಜ್ಜುತ್ತಿದ್ದಳು. ಉಜ್ಜಿ ಉಜ್ಜಿ ಅಂಚು ನೂಲು ನೂಲಾಗಿತ್ತು. ಮೊದಲ ವಾರವೇ ಅದನ್ನು ಕಿತ್ತಿಟ್ಟುಕೊಂಡರು.

ಎರಡನೇ ತಿಂಗಳಿಗೆ ಎಲ್ಲರೂ ಹೊಗಳುವವರೇ. ಆದರೆ ಸ್ಕೂಲಿಂದ ಬಂದವಳು ಶೂ ಕೂಡ ಬಿಚ್ಚದೆ ಮಂಚದ ಪಕ್ಕದ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಲೈಟ್ ಹಾಕಿದರೆ ಚೀರಾಟ. ತೋಳಿನ ಮೇಲೆ ತಾನೇ ಕಚ್ಚಿಕೊಂಡ ಗುರುತು. ಸೆಂಟರ್‌ನಲ್ಲಿ ಕೇಳಿದರೆ, ಮನೆಯಲ್ಲಿ ಸಲಿಗೆ ಜಾಸ್ತಿಯಾಗಿದೆ, ಸ್ಟ್ರಿಕ್ಟ್ ಆಗಿರಿ ಅಂದರು. ಅದನ್ನೂ ನಂಬಿ ಅವಳಿಗೆ ಬೈದೆ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಒಂದು ಸಂಜೆ ಕನ್ನಡಿ ಮುಂದೆ ನಿಂತಿದ್ದಳು. ಒಂದು, ಎರಡು, ಮೂರು ಅಂತ ಎಣಿಸುವುದು, ನಗುವುದು, ಮತ್ತೆ ಒಂದರಿಂದ ಶುರು. ಏನಮ್ಮಾ ಇದು ಅಂದೆ.

"ಹುಬ್ಬಿನ ಮಧ್ಯ ನೋಡಿದ್ರೆ ಕಣ್ಣು ನೋಡಿದ ಹಾಗೇ ಕಾಣುತ್ತೆ. ಆದ್ರೆ ಎಣಿಸ್ತಾ ಇದ್ರೆ ಅವರು ಹೇಳಿದ್ದೇ ಕೇಳ್ಸಲ್ಲಮ್ಮಾ."

ಮಾರನೇ ದಿನದಿಂದ ಕಳಿಸಲಿಲ್ಲ. ಬಿಡಿಸುತ್ತೇನೆ ಅಂದಾಗ ಸೆಂಟರ್‌ನವರು ಕೀಲೇಶನ್ ಅನ್ನುವ ಚಿಕಿತ್ಸೆ ಮಾಡಿಸಿ, ಅದರ ಔಷಧಿಯಿಂದ ಮೈಯಲ್ಲಿರುವ ಲೋಹ ಹೊರಗೆ ಹೋದರೆ ಗುಣವಾಗುತ್ತದೆ ಅಂದರು. ದಯವಿಟ್ಟು ಆ ಮಾತಿಗೆ ಕಿವಿಗೊಡಬೇಡಿ. 2005ರಲ್ಲಿ ಅಮೆರಿಕದಲ್ಲಿ ಆಟಿಸಂಗೆ ಅಂತ ಇದೇ ಚಿಕಿತ್ಸೆ ಕೊಡುವಾಗ 5 ವರ್ಷದ ಹುಡುಗ ತೀರಿಕೊಂಡ. ಆಟಿಸಂ ಗುಣ ಮಾಡುವ ಔಷಧಿ ಯಾವುದೂ ಇಲ್ಲ.

ಆಮೇಲೆ ಮಕ್ಕಳ ಮನೋವೈದ್ಯರೊಬ್ಬರು ಬಿಡಿಸಿ ಹೇಳಿದರು. ತನ್ನ ಸ್ವಭಾವ ಬಚ್ಚಿಟ್ಟು ದಿನವಿಡೀ ಬೇರೆಯವರ ಹಾಗೆ ನಡೆದುಕೊಳ್ಳುವುದಕ್ಕೆ ಮಾಸ್ಕಿಂಗ್ ಅನ್ನುತ್ತಾರಂತೆ. ಹೆಣ್ಣುಮಕ್ಕಳಲ್ಲಿ ಇದು ಜಾಸ್ತಿ, ಅದಕ್ಕೇ ಅವರಲ್ಲಿ ಆಟಿಸಂ ಗೊತ್ತಾಗುವುದೂ ತಡ. ಹೀಗೆ ಬಚ್ಚಿಟ್ಟುಕೊಂಡೇ ಬೆಳೆದರೆ ಆತಂಕ, ಖಿನ್ನತೆ ಹತ್ತಿರ ಬರುತ್ತವೆ. ಮೂಲೆಯಲ್ಲಿ ಚೀರುತ್ತಿದ್ದದ್ದು ಹಠ ಅಲ್ಲ, ಮೆಲ್ಟ್‌ಡೌನ್. ಹಠ ಮಾಡುವ ಮಗು ಕೇಳಿದ್ದು ಸಿಕ್ಕರೆ ಸುಮ್ಮನಾಗುತ್ತದೆ. ಮೆಲ್ಟ್‌ಡೌನ್ ಆದರೆ ಏನು ಕೊಟ್ಟರೂ ನಿಲ್ಲುವುದಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಅದು ಮಗುವಿನ ಕೈಯಲ್ಲೇ ಇರುವುದಿಲ್ಲ. ಬಟ್ಟೆ ಉಜ್ಜುವುದು ಅವಳು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ದಾರಿ. ಅದನ್ನೇ ನಾವು ಕಿತ್ತುಕೊಂಡಿದ್ದೆವು.

ನಿಮ್ಮನ್ನು ಒಳಗೆ ಕೂರಲು ಬಿಡದ ಕಡೆ ಮಗುವನ್ನು ಬಿಟ್ಟು ಬರಬೇಡಿ. ಇಷ್ಟು ತಿಂಗಳಲ್ಲಿ ಸರಿ ಮಾಡುತ್ತೇವೆ ಅಂದರೆ ಎದ್ದು ಬನ್ನಿ. ಹೊರಗೆ ತುಂಬಾ ಒಳ್ಳೆಯವಳಾಗಿ, ಮನೆಗೆ ಬಂದು ಕುಸಿಯುವ ಮಗು ಸುಧಾರಿಸಿಲ್ಲ, ದಣಿದಿದೆ.

ಈಗಿನ ಥೆರಪಿಸ್ಟ್ ಮೊದಲ ದಿನ ನನ್ನನ್ನಲ್ಲ, ಅವಳನ್ನೇ ಕೇಳಿದರು, "ನಿಂಗೆ ಯಾವುದು ಕಷ್ಟ ಆಗುತ್ತೆ?" ಅಂತ. "ಬೆಲ್ ಸದ್ದು" ಅಂದಳು. ಇಷ್ಟು ವರ್ಷ ನಾನು ಅದನ್ನು ಕೇಳಿಯೇ ಇರಲಿಲ್ಲ. ಈಗ ಬೆಲ್ ಹೊಡೆಯುವ ಮೊದಲು ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳಲು ಸ್ಕೂಲಲ್ಲಿ ಒಪ್ಪಿದ್ದಾರೆ.

ಆ ಬಟ್ಟೆ ವಾಪಸ್ ಸಿಗಲಿಲ್ಲ. ಅದೇ ಫ್ರಾಕಿನಿಂದ ಇನ್ನೊಂದು ತುಂಡು ಕತ್ತರಿಸಿ ಕೊಟ್ಟೆ. ಇದರ ಅಂಚು ಇನ್ನೂ ಒರಟು ಅನ್ನುತ್ತಾಳೆ. ಆದರೂ ಪೆನ್ಸಿಲ್ ಬಾಕ್ಸ್‌ನಲ್ಲಿ ದಿನಾ ತಗೊಂಡು ಹೋಗುತ್ತಾಳೆ.