ನಾಲ್ಕು ಮಳೆಗಾಲ ಕಂಡ ಥರ್ಮಲ್ ಕುಕ್ಕರ್

'ಬೆಳಿಗ್ಗೆ ಇಟ್ಟು ಹೋಗಿ, ಸಂಜೆ ಬಂದು ಬಿಸಿ ಅನ್ನ ಉಣ್ಣಿ.' 2021ರ ಏಪ್ರಿಲ್‌ನಲ್ಲಿ ನಾನು ತಗೊಂಡ ಥರ್ಮಲ್ ಕುಕ್ಕರಿನ ಡಬ್ಬದ ಮೇಲೆ ಹೆಚ್ಚುಕಡಿಮೆ ಹೀಗೇ ಬರೆದಿತ್ತು. ಒಂದು ಕೆಜಿ ಅಕ್ಕಿ ಹಿಡಿಯುವ ಸೈಜು, 1,450 ರೂಪಾಯಿ. ಆ ಮಾತನ್ನು ನಂಬಿಯೇ ತಗೊಂಡೆ. ಅದು ಅರ್ಧ ಮಾತ್ರ ನಿಜ. ಇನ್ನರ್ಧ ಏನು ಅಂತ ಗೊತ್ತಾಗಲು ನನಗೆ ಒಂದು ಮಳೆಗಾಲ ಬೇಕಾಯಿತು. ನನ್ನ ಹಾಗೆ ಬೆಳಿಗ್ಗೆ ಹೋಗಿ ಕತ್ತಲಿಗೆ ಮನೆ ಸೇರುವವರು ಇದನ್ನು ಕೊಳ್ಳುವ ಮೊದಲು ಆ ಇನ್ನರ್ಧ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಮನೆ ಮಡಿಕೇರಿಯಲ್ಲಿ. ನನ್ನ ಕೆಲಸ ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಲೆಕ್ಕ ಬರೆಯುವುದು. ಸುಮಾರು 30 ಕಿಲೋಮೀಟರ್ ದಾರಿ. ಎಂಟೂಕಾಲಿನ ಬಸ್ಸಿಗೆ ಹೋದರೆ ವಾಪಸ್ ಮನೆ ಸೇರುವಾಗ ಆರೂಮುಕ್ಕಾಲು. ಕಾಫಿ ಸೀಸನ್ನಿನಲ್ಲಿ ಇನ್ನೂ ತಡ. ಮನೆಯವರು ಮೇಕೇರಿ ಕಡೆ ಒಂದು ತೋಟದಲ್ಲಿ ರೈಟರ್, ಅಂದರೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವವರು. ಅತ್ತೆಗೆ 74 ವರ್ಷ. ಏಳೂವರೆಗೆ ಊಟ ಮಾಡಿ ಮಾತ್ರೆ ತಗೋಬೇಕು. ಕಣ್ಣು ಮಂದ, ಹಾಗಾಗಿ ನಾವಿಲ್ಲದಾಗ ಗ್ಯಾಸ್ ಹಚ್ಚುವುದು ಬೇಡ ಅಂತ ಹೇಳಿದ್ದೇವೆ. ಅಂದರೆ ನಾನು ಬಸ್ ಇಳಿದು ಮುಕ್ಕಾಲು ಗಂಟೆಯೊಳಗೆ ಬಿಸಿ ಊಟ ತಟ್ಟೆಗೆ ಬರಬೇಕು.

ಕರೆಂಟಿನ ರೈಸ್ ಕುಕ್ಕರ್ ಮೊದಲೇ ಇತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಅದನ್ನು ನಂಬಿ ಕೂರಲು ಆಗುವುದಿಲ್ಲ. ಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಮುಗಿಯಿತು. ಬಿಸಿ ನೀರು ಹಾಕಿ ತಿನ್ನುವ ಪ್ಯಾಕೆಟ್ ಊಟ ನನಗೆ ನಡೆಯುತ್ತದೆ, ಅತ್ತೆಗೆ ಸೇರುವುದಿಲ್ಲ. ಹೋಟೆಲ್ ಪಾರ್ಸಲ್ ವಾರಕ್ಕೆ ಎರಡು ಸಲ ಆದರೂ ತಿಂಗಳ ಕೊನೆಗೆ ಕೈ ಕಟ್ಟುತ್ತದೆ.

ಥರ್ಮಲ್ ಕುಕ್ಕರಿನಲ್ಲಿ ಅಡುಗೆ ಅಂದರೆ ಇಷ್ಟೇ. ಒಲೆ ಮೇಲೆ ಕುದಿಸಿ, ಪಾತ್ರೆ ಸಮೇತ ಶಾಖ ಹೊರಗೆ ಬಿಡದ ಫೋಮ್ ಇರುವ ಡ್ರಮ್ಮಿಗೆ ಇಳಿಸಿ, ಮುಚ್ಚಿಡುವುದು. ಉಳಿದ ಶಾಖದಲ್ಲೇ ಬೇಯುತ್ತದೆ. ಅದಕ್ಕೆ ಕರೆಂಟೂ ಬೇಡ, ಕಾವಲೂ ಬೇಡ.

ಮೊದಲ ವಾರ ಪುಸ್ತಕದಲ್ಲಿ ಬರೆದ ಹಾಗೆಯೇ ಮಾಡಿದೆ. ಕುಚ್ಚಲಕ್ಕಿಗೆ ಹತ್ತು ನಿಮಿಷ ಕುದಿ ಅಂತ ಇತ್ತು. ಸಂಜೆ ನೋಡಿದರೆ ಅಗುಳಿನ ನಡುವೆ ಗಟ್ಟಿ. ಮಂಗಳೂರಿನಲ್ಲಿರುವ ತಂಗಿಯ ಹತ್ತಿರ ಇಂಥದ್ದೇ ಕುಕ್ಕರ್ ಇದೆ, ಅವಳಿಗೆ ಹತ್ತು ನಿಮಿಷ ಧಾರಾಳ ಸಾಕು. ವ್ಯತ್ಯಾಸ ಊರಿನದು. ಮಡಿಕೇರಿ ಸಮುದ್ರ ಮಟ್ಟಕ್ಕಿಂತ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 96ರ ಹತ್ತಿರವೇ ಕುದಿಯುತ್ತದೆ. ಪ್ರೆಷರ್ ಕುಕ್ಕರ್ ಆದರೆ ಒತ್ತಡ ಅದನ್ನು ಸರಿಮಾಡುತ್ತದೆ. ಇದರಲ್ಲಿ ಒತ್ತಡ ಇಲ್ಲ, ನಾಲ್ಕು ಡಿಗ್ರಿ ಕಡಿಮೆಯಿಂದಲೇ ಲೆಕ್ಕ ಶುರು. ಹದಿನೈದು ನಿಮಿಷ ಕುದಿಸಲು ಶುರು ಮಾಡಿದ ಮೇಲೆ ಆ ತೊಂದರೆ ಹೋಯಿತು.

ನಿಜವಾದ ತೊಂದರೆ ಬೇರೆ. ನಮ್ಮ ಮನೆಯಲ್ಲಿ ಆಗ ಹೆಚ್ಚಾಗಿ ಬೇಯುತ್ತಿದ್ದದ್ದು ಸೋನಾ ಮಸೂರಿ. ಅದನ್ನು ಬೆಳಿಗ್ಗೆ ಎಂಟಕ್ಕೆ ಮುಚ್ಚಿಟ್ಟರೆ ಒಂದು ಗಂಟೆಯೊಳಗೆ ಬೆಂದಿರುತ್ತದೆ. ಆಮೇಲೆ ಒಂಬತ್ತೂವರೆ ಗಂಟೆ ಬಿಸಿ ನೀರಿನಲ್ಲಿ ಸುಮ್ನೆ ನೆನೆಯುತ್ತದೆ. ಸಂಜೆ ಮುಚ್ಚಳ ತೆಗೆದರೆ ಮಗುವಿಗೆ ತಿನ್ನಿಸುವ ಅನ್ನ. ಮನೆಯವರು ಏನೂ ಹೇಳದೆ ಸಾರು ಜಾಸ್ತಿ ಹಾಕಿಕೊಂಡು ಉಣ್ಣುತ್ತಿದ್ದರು. ಜುಲೈನಲ್ಲಿ ಒಂದು ದಿನ ಅತ್ತೆಗೆ ಹುಷಾರಿಲ್ಲ, ಊಟ ಕಡಿಮೆ ಅಂತ ಅರ್ಧ ಪಾತ್ರೆಗಿಂತಲೂ ಕಡಿಮೆ ಇಟ್ಟು ಹೋಗಿದ್ದೆ. ಬಂದು ಮುಟ್ಟಿದರೆ ಉಗುರುಬೆಚ್ಚಗೆ. ಅತ್ತೆ ಹತ್ತಿರ ಬಂದು, "ಇದು ಬೇಡ, ಹುಳಿ ವಾಸನೆ ಬಂದಿದೆ" ಅಂದರು. ಅಷ್ಟೂ ಚೆಲ್ಲಬೇಕಾಯಿತು. ಅನ್ನ ಚೆಲ್ಲಿ ಗೊತ್ತಿಲ್ಲದ ಮನೆ ನಮ್ಮದು. ಆ ರಾತ್ರಿ ಕುಕ್ಕರನ್ನು ಅಟ್ಟದ ಮೇಲೆ ಇಟ್ಟೆ. ಎರಡು ತಿಂಗಳು ಅಲ್ಲೇ ಇತ್ತು.

ಮತ್ತೆ ಇಳಿಸಿದ್ದು ಒಂದು ಥರ್ಮಾಮೀಟರ್ ಕೊಂಡ ಮೇಲೆ. ಅಡುಗೆಗೆ ಚುಚ್ಚಿ ನೋಡುವ ಸಣ್ಣದು, ಮುನ್ನೂರು ಚಿಲ್ಲರೆ. ಎರಡು ವಾರ ದಿನಾ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಟ್ಟೆ. ಕುತ್ತಿಗೆಯವರೆಗೆ ತುಂಬಿದ ಪಾತ್ರೆ ಬೆಳಿಗ್ಗೆ 95 ಡಿಗ್ರಿಗೆ ಮುಚ್ಚಿದರೆ ಸಂಜೆ ಆರೂಮುಕ್ಕಾಲಿಗೆ 67. ಅರ್ಧ ತುಂಬಿದ ಪಾತ್ರೆ 52. ಬೇಯಿಸಿದ ಆಹಾರವನ್ನು ಇಟ್ಟು ಉಣ್ಣುವುದಾದರೆ 60 ಡಿಗ್ರಿಗಿಂತ ಮೇಲೆ ಇಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನ್ನದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಅಕ್ಕಿಯಲ್ಲಿ ಇರುತ್ತವೆ, ಕುದಿಸಿದರೂ ಸಾಯುವುದಿಲ್ಲ. ಅನ್ನ ಬೆಚ್ಚಗೆ ಕೂತರೆ ಮೊಳೆತು ಹೆಚ್ಚುತ್ತವೆ. ಅವು ಬಿಡುವ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಡಬ್ಬದ ಮೇಲೆ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ. ವಯಸ್ಸಾದವರಿರುವ ಮನೆಗೆ ಮಾರುವಾಗ ಇದನ್ನು ಹೇಳಬೇಕು, ಅಲ್ವಾ?

ಉಪಾಯ ಗೊತ್ತಾದ ಮೇಲೆ ಸುಲಭ. ಪಾತ್ರೆಯನ್ನು ಅಕ್ಕಿಯಿಂದ ತುಂಬುವುದು ಬೇಡ, ನೀರಿನಿಂದ ತುಂಬಿ. ನಾನು ಹಾಕುವುದು ಎರಡು ಲೋಟ ಕುಚ್ಚಲಕ್ಕಿ, ನೀರು ಮಾತ್ರ ಅಂಚಿಗೆ ಎರಡು ಬೆರಳು ಕೆಳಗಿನವರೆಗೆ. ಶಾಖ ಹಿಡಿದಿಡುವುದು ಆ ನೀರು. ಹೇಗೂ ಸಂಜೆ ಗಂಜಿ ಬಸಿಯುವುದು ಇದ್ದೇ ಇದೆ. ಸೋನಾ ಮಸೂರಿಯನ್ನು ದಿನದ ಅಡುಗೆಯಿಂದ ಬಿಟ್ಟೆ. ಕುಚ್ಚಲಕ್ಕಿ ಹತ್ತು ಗಂಟೆ ಕೂತರೂ ಅಗುಳು ಅಗುಳಾಗಿಯೇ ಇರುತ್ತದೆ, ಹೂವಿನ ಹಾಗೆ ಅರಳಿರುತ್ತದೆ. ಕುಕ್ಕರ್ ಬದಲಾಯಿಸುವ ಬದಲು ಅಕ್ಕಿ ಬದಲಾಯಿಸಿದೆ.

ಈಗ ಬೆಳಿಗ್ಗೆ ಹೀಗೆ ನಡೆಯುತ್ತದೆ. ಐದೂವರೆಗೆ ಎದ್ದು ಅಕ್ಕಿ ತೊಳೆದು ನೆನೆಸುತ್ತೇನೆ. ಬಚ್ಚಲೊಲೆಗೆ ಮನೆಯವರು ಕಾಫಿ ಕಡ್ಡಿ ತುಂಬಿ ಬೆಂಕಿ ಹಾಕುತ್ತಾರೆ. ಮಳೆಗಾಲದಲ್ಲಿ ಡ್ರಮ್ಮನ್ನು ಸ್ವಲ್ಪ ಹೊತ್ತು ಆ ಒಲೆಯ ಪಕ್ಕ ಇಡುತ್ತೇವೆ, ಒಳಗಿನ ತೇವ ಆರಲಿ ಅಂತ. ಪಾತ್ರೆ ಇಳಿಸುವ ಐದು ನಿಮಿಷ ಮೊದಲು ಡ್ರಮ್ಮಿಗೆ ಎರಡು ಲೋಟ ಕುದಿ ನೀರು ಹಾಕಿ ಮುಚ್ಚುತ್ತೇನೆ, ಆಮೇಲೆ ಚೆಲ್ಲುತ್ತೇನೆ. ತಣ್ಣಗಿನ ಡ್ರಮ್ಮಿಗೆ ಬಿಸಿ ಪಾತ್ರೆ ಇಟ್ಟರೆ ಮೊದಲ ಹೊಡೆತಕ್ಕೇ ಎರಡು ಮೂರು ಡಿಗ್ರಿ ಹೋಗುತ್ತದೆ. ಎಂಟಕ್ಕೆ ಐದು ನಿಮಿಷ ಇರುವಾಗ ಮುಚ್ಚಳ ಹಾಕಿ, ಮೇಲೆ ಒಂದು ಹಳೆಯ ಕಂಬಳಿ ಹೊದಿಸಿ ಹೊರಡುತ್ತೇನೆ. ಕಂಬಳಿ ಅತ್ತೆಯ ಯೋಚನೆ. ಅವರ ತಾಯಿ ಅನ್ನದ ಚರಿಗೆಯನ್ನು ಗೋಣಿ ಸುತ್ತಿ ಹುಲ್ಲಿನ ನಡುವೆ ಇಡುತ್ತಿದ್ದರಂತೆ. ಇದೂ ಅದೇ, ಹುಲ್ಲಿನ ಬದಲು ಫೋಮ್.

ಸಂಜೆಯದ್ದು ನನಗೆ ತುಂಬ ಇಷ್ಟ. ಕೊಡೆ ಮಡಚಿ ಜಗಲಿಯಲ್ಲಿಟ್ಟು, ಕಾಲು ತೊಳೆದು ನೇರ ಅಡುಗೆಮನೆಗೆ. ಕಂಬಳಿ ಸರಿಸಿ ಮುಚ್ಚಳ ಎತ್ತಿದರೆ ಮುಖಕ್ಕೆ ಹಬೆ ಬಡಿಯುತ್ತದೆ, ಕೆಂಪು ಅಕ್ಕಿಯ ಆ ವಾಸನೆ. ಗಂಜಿ ಬಸಿದು ಮೊದಲ ಲೋಟ ಅತ್ತೆಗೆ, ಚಿಟಿಕೆ ಉಪ್ಪು, ಅರ್ಧ ಚಮಚ ತುಪ್ಪ. ಎರಡನೆಯದು ನನಗೆ. ಇಬ್ಬರೂ ನಿಂತುಕೊಂಡೇ ಕುಡಿಯುತ್ತೇವೆ. ಒದ್ದೆ ಬಸ್ಸಿನಲ್ಲಿ ಒಂದು ಗಂಟೆ ಕೂತು ಬಂದ ಮೈ ಆ ಒಂದು ಲೋಟಕ್ಕೆ ಸಡಿಲ ಆಗುತ್ತದೆ.

2024ರ ಜುಲೈ ಮಳೆಯಲ್ಲಿ ನಮ್ಮ ಬೀದಿಗೆ ಮೂರು ದಿನ ಕರೆಂಟ್ ಇರಲಿಲ್ಲ. ಸಿಲಿಂಡರ್ ತಳ ಕಂಡಿತ್ತು. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ನೋಡಿದವರಿಗೆ ಅಂಥ ಮಳೆ ಬಂದರೆ ಮೊದಲು ನೆನಪಾಗುವುದು ಮನೆಯಲ್ಲಿ ಏನಿದೆ ಅನ್ನುವುದೇ. ಆ ಮೂರು ದಿನವೂ ಬೆಳಿಗ್ಗೆ ಅರ್ಧ ಗಂಟೆ ಗ್ಯಾಸ್ ಉರಿಸಿದ್ದಷ್ಟೇ. ಸಂಜೆ ಮೇಣದಬತ್ತಿ ಹಚ್ಚಿ ಬಿಸಿ ಗಂಜಿ, ಕಾಡುಮಾವಿನ ಉಪ್ಪಿನಕಾಯಿ, ಸುಟ್ಟ ಹಪ್ಪಳ. ಆ ವಾರ ಈ ಪಾತ್ರೆಗೆ ಕೊಟ್ಟ ಹಣ ವಾಪಸ್ ಬಂತು ಅನ್ನಿಸಿತು. ಉಳಿದ ದಿನಗಳಲ್ಲೂ ಉಳಿತಾಯ ಇದೆ. 14.2 ಕೆಜಿ ಸಿಲಿಂಡರ್ ನಮಗೆ ಮೊದಲು 48 ದಿನ ಬರುತ್ತಿತ್ತು, ಈಗ 60 ದಾಟುತ್ತದೆ.

ಪಲ್ಯ, ಸಾರಿಗೆ ಅಂತ ಬೇರೆ ಏನೇನೋ ಇಟ್ಟು ನೋಡಿದ್ದೇನೆ. ನೆನೆಸಿದ ಹುರುಳಿ, ಅಲಸಂದೆ, ಕಡಲೆ ಬಹಳ ಚೆನ್ನಾಗಿ ಬೇಯುತ್ತವೆ. ಶುಕ್ರವಾರದ ಸಂತೆಯಿಂದ ತಂದ ಕಾಳು ವಾರಕ್ಕೆ ಎರಡು ದಿನ ಇದರಲ್ಲೇ. ರಾಜ್ಮಾ ಮಾತ್ರ ಹಾಗೆ ಇಡಬೇಡಿ. ಅದರಲ್ಲಿ ಒಂದು ನಂಜು ಇರುತ್ತದೆ, ಜೋರಾಗಿ ಕುದ್ದರೆ ಮಾತ್ರ ಹೋಗುತ್ತದೆ. ಅರೆಬಿಸಿಯಲ್ಲಿ ಬೆಂದರೆ ಹೊಟ್ಟೆ ಕೆಡುವುದು ಖಚಿತ. ನಾನು ರಾಜ್ಮಾವನ್ನು ಪ್ರೆಷರ್ ಕುಕ್ಕರಿಗೇ ಹಾಕುತ್ತೇನೆ. ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಒಂದು ಸಲ ಮಾಡಿದೆ. ಮಾಂಸ ಮೆತ್ತಗಾಯಿತು, ಆದರೆ ಮಸಾಲೆ ನೀರುನೀರು. ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿ ರಸ) ಹಾಕಿದ ಮೇಲೆ ಅದು ಒಲೆಯ ಮೇಲೆಯೇ ಬತ್ತಿ ಕಪ್ಪಾಗಬೇಕು. ಅದು ಭಾನುವಾರದ ಕೆಲಸ, ಅದಕ್ಕೆ ಅವಸರ ಬೇಡ.

ಬಿಟ್ಟ ಸೋನಾ ಮಸೂರಿ ಶನಿವಾರ ವಾಪಸ್ ಬಂತು. ಅವತ್ತು ಅರ್ಧ ದಿನ ಕೆಲಸ, ಮೂರರೊಳಗೆ ಮನೆ. ಆ ಮೆತ್ತಗಿನ ಅನ್ನ ಊಟಕ್ಕೆ ಸೇರದೇ ಹೋದರೂ 'ಅಕ್ಕಿ ಒಟ್ಟಿ'ಗೆ, ಅಂದರೆ ಕೊಡಗಿನ ಅಕ್ಕಿ ರೊಟ್ಟಿಗೆ, ಅದಕ್ಕಿಂತ ಒಳ್ಳೆಯದು ಇಲ್ಲ. ಅಕ್ಕಿ ಹಿಟ್ಟಿನ ಜೊತೆ ನಾದುವಾಗ ಒಂದು ಗಂಟೂ ಸಿಗುವುದಿಲ್ಲ, ತೆಳ್ಳಗೆ ತಟ್ಟಿದರೂ ಅಂಚು ಬಿರಿಯುವುದಿಲ್ಲ. ಅನ್ನವನ್ನು ತಟ್ಟೆಯಲ್ಲಿ ಹರಡಿ ಆರಿಸಿ ಫ್ರಿಡ್ಜಿಗೆ ಇಟ್ಟರೆ ಭಾನುವಾರ ಬೆಳಿಗ್ಗೆ ಒಟ್ಟಿ, ಎಳ್ಳು ಪಜ್ಜಿ (ಎಳ್ಳಿನ ಚಟ್ನಿ).

ಇನ್ನೊಂದು ಖುಷಿ ನಾನು ಎಣಿಸಿಯೇ ಇರಲಿಲ್ಲ. ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ 18ನೇ ದಿನ. ಅವತ್ತು ಮದ್ದು ಸೊಪ್ಪಿನ (ಔಷಧಿ ಗುಣ ಇದೆ ಅಂತ ನಂಬುವ ಒಂದು ಸೊಪ್ಪು) ಪಾಯಸ ಆಗಲೇಬೇಕು. 2023ರಲ್ಲಿ ಅದು ಗುರುವಾರ ಬಂತು, ನನಗೆ ರಜೆ ಇಲ್ಲ. ಹಿಂದಿನ ರಾತ್ರಿ ಸೊಪ್ಪನ್ನು ಕುದಿಸಿ ಕುಕ್ಕರಿನಲ್ಲಿ ಮುಚ್ಚಿಟ್ಟೆ. ಬೆಳಿಗ್ಗೆ ತೆಗೆದರೆ ನೀರು ಕಡು ನೇರಳೆ, ಇಡೀ ಅಡುಗೆಮನೆ ಘಮ ಘಮ. ಸೋಸಿ, ಅದೇ ನೀರಿನಲ್ಲಿ ಅಕ್ಕಿ ಕುದಿಸಿ, ಪಾತ್ರೆ ತುಂಬ ಇರುವ ಹಾಗೆ ಮುಚ್ಚಿಟ್ಟು ಕೆಲಸಕ್ಕೆ ಹೋದೆ. ಊಟಕ್ಕೆ ಬೇಡವಾಗಿದ್ದ ಆ ಹತ್ತು ಗಂಟೆಯ ಮೆತ್ತಗೆ ಪಾಯಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಸಂಜೆ ಬೆಲ್ಲ, ತೆಂಗಿನ ಹಾಲು ಸೇರಿಸಿ ಒಂದು ಕುದಿ. ಅತ್ತೆ ಎರಡು ಸಲ ಹಾಕಿಸಿಕೊಂಡರು. ಇಷ್ಟು ಬಣ್ಣ ಒಲೆಯಲ್ಲಿ ಬರುತ್ತಿರಲಿಲ್ಲ ಅಂದರು.

ಇನ್ನು ಬೇಸರದ ವಿಷಯ. ಮೂರನೇ ವರ್ಷ ಮುಚ್ಚಳದ ಹಿಡಿ ಮುರಿಯಿತು. ಅದನ್ನು ಮನೆಯವರು ಕಾಫಿ ಗಿಡದ ಗಟ್ಟಿ ಕಾಂಡದಿಂದ ಕೆತ್ತಿ ಕೂರಿಸಿದರು, ಮೊದಲಿನದಕ್ಕಿಂತ ಕೈಗೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಮುಚ್ಚಳದ ಒಳಗಿನ ರಬ್ಬರ್ ವಾಷರನ್ನು ಮನೆಯಲ್ಲಿ ಮಾಡಲು ಆಗುವುದಿಲ್ಲ. ಪ್ರತಿ ಮಳೆಗಾಲ ಅದಕ್ಕೆ ಬೂಷ್ಟು ಹಿಡಿಯುತ್ತದೆ. ವಿನೆಗರ್ ಹಚ್ಚಿ ಒರೆಸಿ ಒರೆಸಿ ಈಗ ಸಡಿಲವಾಗಿದೆ. ಕಂಪನಿಗೆ ಮೂರು ಸಲ ಫೋನ್ ಮಾಡಿದೆ. ಆ ಮಾಡೆಲ್ ನಿಂತಿದೆ, ಹೊಸದು ತಗೊಳ್ಳಿ ಅಂದರು. ಮಹದೇವಪೇಟೆಯ ಪಾತ್ರೆ ಅಂಗಡಿಗಳಲ್ಲೂ ಆ ಅಳತೆಯದು ಸಿಗಲಿಲ್ಲ. ಪಾತ್ರೆ ಹೊಸದರ ಹಾಗೇ ಇದೆ, ಡ್ರಮ್ಮು ಗಟ್ಟಿಯಾಗಿದೆ. ಒಂದು ರಬ್ಬರಿಗಾಗಿ ಎಲ್ಲವನ್ನೂ ಬಿಸಾಡಿ ಅಂದರೆ ಹೊಟ್ಟೆ ಉರಿಯುತ್ತದೆ.

ಹೋದ ವಾರ ಮತ್ತೆ ಅಳೆದೆ. ತುಂಬಿದ ಪಾತ್ರೆ ಸಂಜೆಗೆ 61. ಬೇಸಿಗೆಯಲ್ಲೇ ಇಷ್ಟಾದರೆ ಜುಲೈನಲ್ಲಿ 60ರ ಕೆಳಗೆ ಹೋಗುತ್ತದೆ. ಹಾಗಾಗಿ ಮೇ ತಿಂಗಳೊಳಗೆ ವಾಷರ್ ಸಿಗದಿದ್ದರೆ ಬೇರೆ ಕಂಪನಿಯದು ಕೊಳ್ಳುತ್ತೇನೆ. ಈ ಸಲ ಅಂಗಡಿಯಲ್ಲಿ ಮೊದಲು ಕೇಳುವುದು ವಾಷರ್ ಬಿಡಿಯಾಗಿ ಸಿಗುತ್ತದಾ ಅಂತ. ಸಿಕ್ಕರೆ ಅವತ್ತೇ ಎರಡು ಜಾಸ್ತಿ ತಂದಿಡುತ್ತೇನೆ. ಮೂರು ನಾಲ್ಕು ಜನರ ಮನೆಗೆ ಒಂದು ಕೆಜಿಯ ಸೈಜೇ ಸಾಕು. ದೊಡ್ಡದು ತಗೊಂಡರೆ ದಿನಾ ತುಂಬಿಸುವುದು ಕಷ್ಟ, ಖಾಲಿ ಇದ್ದಷ್ಟೂ ಬೇಗ ಆರುತ್ತದೆ.

ಹಳೆಯದನ್ನು ಗುಜರಿಗೆ ಹಾಕಬೇಡ, ಕಕ್ಕಡಕ್ಕೆ ಸೊಪ್ಪು ನೆನೆಸಲು ಬೇಕು ಅಂತ ಅತ್ತೆ ಆಗಲೇ ಹೇಳಿಟ್ಟಿದ್ದಾರೆ.