ಮೂರು ವರ್ಷ ಬಳಸಿದ ಮೇಲೆ: ಸೆಕ್ಯುರಿಟಿ ಕ್ಯಾಮೆರಾಗಳಲ್ಲಿ ಹೈ ಎಂಡ್ಯೂರೆನ್ಸ್ ಮೆಮೊರಿ ಕಾರ್ಡ್

ನಾನು ನೋಡಿಕೊಳ್ಳುವ ಗೋದಾಮಿನಲ್ಲಿ 8 ಐಪಿ (ನೆಟ್‌ವರ್ಕ್ ಮೂಲಕ ವಿಡಿಯೋ ಕಳಿಸುವ) ಕ್ಯಾಮೆರಾಗಳಿವೆ. ಎಲ್ಲದರ ರೆಕಾರ್ಡಿಂಗ್ ಎನ್‌ವಿಆರ್‌ಗೆ, ಅಂದರೆ ಎಲ್ಲ ಕ್ಯಾಮೆರಾಗಳ ವಿಡಿಯೋ ಒಂದೇ ಕಡೆ ಉಳಿಸುವ ಪೆಟ್ಟಿಗೆಗೆ ಹೋಗುತ್ತದೆ. ಜೊತೆಗೆ ಪ್ರತಿ ಕ್ಯಾಮೆರಾದೊಳಗೂ ಒಂದು 128 ಜಿಬಿ ಮೈಕ್ರೋ ಎಸ್‌ಡಿ ಕಾರ್ಡ್ ಇದೆ. ನೆಟ್‌ವರ್ಕ್ ಹೋದಾಗ, ಎನ್‌ವಿಆರ್ ಕೈಕೊಟ್ಟಾಗ ನಮಗೆ ಆ ಕಾರ್ಡೇ ಗತಿ. ಮೂರು ವರ್ಷದ ಹಿಂದೆ ಎಂಟಕ್ಕೂ ಒಂದೇ ಕಂಪನಿಯ ‘ಹೈ ಎಂಡ್ಯೂರೆನ್ಸ್’ (ಬಿಡದೆ ಬರೆದರೂ ತಾಳುವ) ಕಾರ್ಡ್ ಹಾಕಿದೆ. ಒಂದು ಕಾರ್ಡೂ ಇನ್ನೂ ಸತ್ತಿಲ್ಲ. ಆದರೂ ನಡುವೆ ಕೆಲವು ತಿಂಗಳು ಕಾರ್ಡ್ ಕರಪ್ಟ್ ಆಗುವ (ಒಳಗಿನ ಫೈಲ್‌ಗಳು ಕೆಡುವ) ಕಾಟ ಬಿಡದೆ ಕಾಡಿತು. ಈ ವಿಮರ್ಶೆ ಬರೆಯಲು ಅದೇ ಮುಖ್ಯ ಕಾರಣ.

ಮೊದಲು ನಾವು ಫೋನಿಗೆ ಹಾಕುವ ಸಾಮಾನ್ಯ ಕಾರ್ಡ್‌ಗಳನ್ನೇ ಬಳಸುತ್ತಿದ್ದೆವು. ಒಂದು ವರ್ಷದ ಆಚೀಚೆ ಒಂದೊಂದಾಗಿ ಕೆಟ್ಟವು. ಯಾಕೆ ಅಂತ ಲೆಕ್ಕ ಹಾಕಿ ನೋಡಿ. ನಮ್ಮ ಕ್ಯಾಮೆರಾಗಳ ಬಿಟ್‌ರೇಟ್, ಅಂದರೆ ವಿಡಿಯೋ ಡೇಟಾ ಹರಿಯುವ ವೇಗ, 4 ಎಂಬಿಪಿಎಸ್ (ಸೆಕೆಂಡಿಗೆ 4 ಮೆಗಾಬಿಟ್). 8 ಬಿಟ್ ಸೇರಿದರೆ ಒಂದು ಬೈಟ್. ಅಂದರೆ ಸೆಕೆಂಡಿಗೆ ಅರ್ಧ ಎಂಬಿ, ದಿನಕ್ಕೆ ಸುಮಾರು 43 ಜಿಬಿ. 128 ಜಿಬಿ ಕಾರ್ಡ್ ಮೂರು ದಿನದೊಳಗೆ ತುಂಬುತ್ತದೆ. ಆಮೇಲೆ ಹಳೆಯದನ್ನು ಅಳಿಸಿ ಅಲ್ಲೇ ಬರೆಯುತ್ತಾ ಹೋಗುತ್ತದೆ. ವರ್ಷಕ್ಕೆ 15 ಟಿಬಿಗಿಂತ ಜಾಸ್ತಿ! ಇಡೀ ಕಾರ್ಡ್ 120ಕ್ಕೂ ಹೆಚ್ಚು ಸಲ ಮೇಲಿಂದ ಮೇಲೆ ಬರೆಸಿಕೊಳ್ಳುತ್ತದೆ. ಫ್ಲ್ಯಾಶ್ ಮೆಮೊರಿಯ ಒಂದೊಂದು ಕೋಶಕ್ಕೂ ಇಷ್ಟು ಸಲ ಮಾತ್ರ ಬರೆಯಬಹುದು ಅಂತ ಮಿತಿ ಇದೆ. ಅದಲ್ಲದೆ ಫ್ಲ್ಯಾಶ್ ಚಿಕ್ಕ ತುಣುಕನ್ನು ಮಾತ್ರ ಅಳಿಸಲಾರದು, ದೊಡ್ಡ ಬ್ಲಾಕ್ ಪೂರ್ತಿ ಅಳಿಸಬೇಕು. ಕ್ಯಾಮೆರಾ ವಿಡಿಯೋ ಜೊತೆ ಸೂಚಿ, ಸಮಯ, ಫೈಲ್ ಪಟ್ಟಿ ಹೀಗೆ ಚಿಕ್ಕಚಿಕ್ಕದನ್ನೂ ಬರೆಯುತ್ತಲೇ ಇರುತ್ತದೆ. ಹಾಗಾಗಿ ನಿಜವಾದ ಸವೆತ ನಮ್ಮ ಲೆಕ್ಕಕ್ಕಿಂತ ಹೆಚ್ಚು.

ಎಂಡ್ಯೂರೆನ್ಸ್ ಕಾರ್ಡ್ ಕೊಳ್ಳುವಾಗ ಪ್ಯಾಕೆಟ್ ಮೇಲಿನ ವಿ30, ಯು3 ಗುರುತುಗಳನ್ನು ನೋಡಿ ಮರುಳಾಗಬೇಡಿ. ಅವು ವೇಗದ ಗುರುತುಗಳು. ವಿ30 ಅಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಅಂತ. ನಮ್ಮ ಕ್ಯಾಮೆರಾಗೆ ಬೇಕಾದದ್ದು ಅರ್ಧ ಎಂಬಿ! ನೋಡಬೇಕಾದದ್ದು ಬಾಳಿಕೆಯ ಗಂಟೆ ಅಥವಾ ಟಿಬಿಡಬ್ಲ್ಯು ಅನ್ನುವ ಅಂಕಿ, ಅಂದರೆ ಒಟ್ಟು ಎಷ್ಟು ಟಿಬಿ ಬರೆಯಬಹುದು ಎನ್ನುವುದು. ಗಂಟೆಯ ಲೆಕ್ಕ ಕೊಟ್ಟಿದ್ದರೆ ಅದು ಯಾವ ಬಿಟ್‌ರೇಟ್‌ಗೆ ಅಂತ ಹುಡುಕಿ ಓದಿ. ಬಿಡದೆ ರೆಕಾರ್ಡ್ ಮಾಡಿದರೆ ಮೂರು ವರ್ಷಕ್ಕೆ 26,280 ಗಂಟೆ ಆಗುತ್ತದೆ. ವಾರಂಟಿ ಕಾಗದವನ್ನೂ ಓದಿ. ಎಷ್ಟೋ ಸಾಮಾನ್ಯ ಕಾರ್ಡ್‌ಗಳ ವಾರಂಟಿ ಇಂಥ ನಿರಂತರ ರೆಕಾರ್ಡಿಂಗ್‌ಗೆ ಅನ್ವಯಿಸುವುದಿಲ್ಲ.

ಈಗ ಆ ಕಾಟದ ವಿಷಯ. ಮೊದಲ ವರ್ಷ ಏನೂ ತೊಂದರೆ ಇರಲಿಲ್ಲ. ಎರಡನೇ ವರ್ಷದಲ್ಲಿ ಗೇಟಿನ ಕ್ಯಾಮೆರಾ, ಅಂದರೆ ನಮ್ಮ ಎಂಟನೇ ನಂಬರ್, ‘ಕಾರ್ಡ್ ಎರರ್’ ತೋರಿಸಿತು. ಫಾರ್ಮ್ಯಾಟ್ ಮಾಡಿದೆ, ಸರಿಹೋಯಿತು. ಮೂರು ವಾರಕ್ಕೆ ಮತ್ತೆ ಅದೇ ಎರರ್. ಕಾರ್ಡೇ ಕೆಟ್ಟಿದೆ ಅಂದುಕೊಂಡು ಹೊಸದು ತಂದು ಹಾಕಿದೆ. ಒಂದು ತಿಂಗಳೊಳಗೆ ಅದರಲ್ಲೂ ಅದೇ ಎರರ್. ತೆಗೆದಿಟ್ಟಿದ್ದ ಹಳೆಯ ಕಾರ್ಡನ್ನು ಎಫ್3 ಅನ್ನುವ ಉಚಿತ ತಂತ್ರಾಂಶದಲ್ಲಿ ಪರೀಕ್ಷಿಸಿದೆ. ಅದು ಕಾರ್ಡ್ ತುಂಬ ಬರೆದು, ಮತ್ತೆ ಓದಿ ತಾಳೆ ನೋಡುತ್ತದೆ. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಎಚ್2ಟೆಸ್ಟ್‌ಡಬ್ಲ್ಯು ಇದೆ. 128 ಜಿಬಿ ಅಂತ ಬರೆದುಕೊಂಡು ಒಳಗೆ ಅಷ್ಟು ಇಲ್ಲದ ನಕಲಿ ಕಾರ್ಡ್‌ಗಳೂ ಇದರಲ್ಲೇ ಸಿಕ್ಕಿಬೀಳುತ್ತವೆ. ನನ್ನ ಕಾರ್ಡಿನಲ್ಲಿ ಒಂದೇ ಒಂದು ತಪ್ಪೂ ಬರಲಿಲ್ಲ.

ಆಗ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ. ಮೂರನೇ ಕ್ಯಾಮೆರಾದ ಕಾರ್ಡನ್ನು ಎಂಟಕ್ಕೆ, ಎಂಟರದ್ದನ್ನು ಮೂರಕ್ಕೆ ಹಾಕಿದೆ. ಎರಡನ್ನೂ ಆಯಾ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದೆ. ಎರಡು ವಾರದಲ್ಲಿ ಎಂಟನೇ ಕ್ಯಾಮೆರಾದಲ್ಲೇ ಮತ್ತೆ ಕರಪ್ಟ್. ಮೂರರಲ್ಲಿ ಏನೂ ಆಗಲಿಲ್ಲ. ನೀವು ಬೇರೇನೂ ಮಾಡದಿದ್ದರೂ ಇದೊಂದನ್ನು ಮಾಡಿ. ತೊಂದರೆ ಕಾರ್ಡಿನ ಜೊತೆ ಹೋದರೆ ಕಾರ್ಡ್ ಬದಲಿಸಿ. ಕ್ಯಾಮೆರಾದಲ್ಲೇ ಉಳಿದರೆ ಇನ್ನೊಂದು ಕಾರ್ಡಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಉತ್ತರ ಸಿಕ್ಕಿದ್ದು ಕ್ಯಾಮೆರಾದ ಸಿಸ್ಟಮ್ ಲಾಗ್‌ನಲ್ಲಿ (ನಡೆದದ್ದೆಲ್ಲ ದಾಖಲಾಗುವ ಪಟ್ಟಿ). ವಾರಕ್ಕೆ ನಾಲ್ಕೈದು ಸಲ ರೀಬೂಟ್ ಆಗಿತ್ತು. ಎಲ್ಲವೂ ಸಂಜೆ ಕತ್ತಲಾಗುವ ಹೊತ್ತಿಗೆ, ಐಆರ್ (ಕತ್ತಲಲ್ಲಿ ನೋಡಲು ಬೇಕಾದ ಇನ್‌ಫ್ರಾರೆಡ್) ದೀಪಗಳು ಹೊತ್ತಿಕೊಳ್ಳುವ ಸಮಯಕ್ಕೆ. ಅದೇ ವರ್ಷ ಗೇಟ್ ಜಾಗ ಬದಲಾಗಿ, ಕೇಬಲ್ ಉದ್ದ 90 ಮೀಟರ್ ಹತ್ತಿರ ಆಗಿತ್ತು. ಆಗ ಎಳೆದದ್ದು ಪೂರ್ತಿ ತಾಮ್ರದ ಕೇಬಲ್ ಅಲ್ಲ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪನ ಕೊಟ್ಟ ಅಗ್ಗದ ಕೇಬಲ್. ಅದರ ರೆಸಿಸ್ಟೆನ್ಸ್ ತಾಮ್ರದ ಸುಮಾರು ಒಂದೂವರೆ ಪಟ್ಟು. ನಮ್ಮ ಕ್ಯಾಮೆರಾಗಳಿಗೆ ಕರೆಂಟ್ ಹೋಗುವುದೂ ಈ ನೆಟ್‌ವರ್ಕ್ ಕೇಬಲ್‌ನಲ್ಲೇ, ಅದಕ್ಕೆ ಪಿಒಇ ಅನ್ನುತ್ತಾರೆ. ಅದರ 802.3ಎಎಫ್ ಮಾನದಂಡದಲ್ಲಿ ಸ್ವಿಚ್ (ಕ್ಯಾಮೆರಾ ಕೇಬಲ್‌ಗಳು ಸೇರುವ ನೆಟ್‌ವರ್ಕ್ ಪೆಟ್ಟಿಗೆ) 15.4 ವ್ಯಾಟ್ ಕೊಟ್ಟರೂ ಕ್ಯಾಮೆರಾಗೆ ಖಾತ್ರಿ ಇರುವುದು 12.95 ವ್ಯಾಟ್ ಮಾತ್ರ. ಅದೂ ಒಳ್ಳೆಯ ತಾಮ್ರದ ಕೇಬಲ್ ಇದ್ದರೆ. ನಮ್ಮಲ್ಲಿ ಐಆರ್ ಹೊತ್ತಿದ ತಕ್ಷಣ ವೋಲ್ಟೇಜ್ ಕುಸಿಯುತ್ತಿತ್ತು, ಕ್ಯಾಮೆರಾ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಆ ಕ್ಷಣದಲ್ಲಿ ಕಾರ್ಡಿಗೆ ಬರೆಯುತ್ತಿದ್ದುದು ಅರ್ಧಕ್ಕೇ ನಿಲ್ಲುತ್ತಿತ್ತು. ಕಾರ್ಡಿನಲ್ಲಿ ಫೈಲ್‌ಗಳನ್ನು ಜೋಡಿಸಿಡಲು ನಮ್ಮ ಕ್ಯಾಮೆರಾ ಬಳಸುವುದು ಎಕ್ಸ್‌ಫ್ಯಾಟ್ ಅನ್ನುವ ಫೈಲ್ ವ್ಯವಸ್ಥೆ. ಅದರಲ್ಲಿ ಜರ್ನಲ್ ಇಲ್ಲ. ಅಂದರೆ ಅರ್ಧಕ್ಕೆ ನಿಂತ ಬರವಣಿಗೆಯನ್ನು ಸರಿಪಡಿಸಿಕೊಳ್ಳುವ ವ್ಯವಸ್ಥೆ ಇಲ್ಲ. ನಿಮ್ಮ ಕ್ಯಾಮೆರಾದಲ್ಲಿ ಇಎಕ್ಸ್‌ಟಿ4 ಆಯ್ಕೆ ಇದ್ದರೆ ಅದನ್ನೇ ಆರಿಸಿ, ಅದರಲ್ಲಿ ಜರ್ನಲ್ ಇದೆ.

ಪೂರ್ತಿ ತಾಮ್ರದ ಕೇಬಲ್ ಎಳೆಸಿ, ಸ್ವಿಚ್ಚನ್ನು ಯುಪಿಎಸ್‌ಗೆ ಸೇರಿಸಿದೆ. ಅದಾಗಿ 14 ತಿಂಗಳಾಯಿತು. ಎಂಟನೇ ಕ್ಯಾಮೆರಾದಲ್ಲಿ ಒಂದು ಎರರ್ ಕೂಡ ಬಂದಿಲ್ಲ.

ಕರಪ್ಟ್ ಅಂತ ಕಂಡದ್ದೆಲ್ಲ ಕರಪ್ಟ್ ಆಗಿರುವುದಿಲ್ಲ. ಒಮ್ಮೆ ಐದನೇ ಕ್ಯಾಮೆರಾದಲ್ಲಿ ಎರಡು ದಿನದ ವಿಡಿಯೋ ಕಾಣಲಿಲ್ಲ. ಹುಡುಕಿದರೆ 1970ರ ಜನವರಿ 1ರಿಂದ ಶುರುವಾಗುವ ದಿನಾಂಕಗಳ ಅಡಿಯಲ್ಲಿ ಭದ್ರವಾಗಿ ಕೂತಿತ್ತು. ಕರೆಂಟ್ ಹೋಗಿ ಬಂದ ಮೇಲೆ ಕ್ಯಾಮೆರಾಗೆ ಎನ್‌ಟಿಪಿ (ಸರಿಯಾದ ಸಮಯ ಕೊಡುವ) ಸರ್ವರ್ ಸಿಕ್ಕಿರಲಿಲ್ಲ, ಗಡಿಯಾರ ಮೊದಲಿಗೆ ಹೋಗಿತ್ತು. ಅದೇ ರೀತಿ ಇಎಕ್ಸ್‌ಟಿ4 ಕಾರ್ಡನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ‘ಫಾರ್ಮ್ಯಾಟ್ ಮಾಡಬೇಕು’ ಅಂತ ಕೇಳುತ್ತದೆ. ಕಾರ್ಡ್ ಸರಿಯಾಗೇ ಇರುತ್ತದೆ, ವಿಂಡೋಸ್‌ಗೆ ಓದಲು ಬರುವುದಿಲ್ಲ ಅಷ್ಟೇ. ದಯವಿಟ್ಟು ಅಲ್ಲಿ ‘ಹೌದು’ ಒತ್ತಬೇಡಿ.

ಕಾರ್ಡ್ ನಿಜವಾಗಿ ಸತ್ತಿರುವುದಕ್ಕೆ ಒಂದು ಗುರುತಿದೆ. ಫಾರ್ಮ್ಯಾಟ್ ಯಶಸ್ವಿ ಅನ್ನುತ್ತದೆ, ತೆಗೆದು ಮತ್ತೆ ಹಾಕಿದರೆ ಹಳೆಯ ಫೈಲ್‌ಗಳೆಲ್ಲ ಹಾಗೇ ಇರುತ್ತವೆ. ಸವೆದ ಕಾರ್ಡ್ ಇನ್ನು ಬರೆಯಲಾರೆ ಅಂತ ತನ್ನನ್ನೇ ಬೀಗ ಹಾಕಿಕೊಂಡಿರುತ್ತದೆ. ನಮ್ಮ ಹಳೆಯ ಸಾಮಾನ್ಯ ಕಾರ್ಡ್‌ಗಳಲ್ಲಿ ಎರಡು ಹೀಗೇ ಹೋದವು. ಓದಲು ಆಗುವಷ್ಟನ್ನು ನಕಲು ಮಾಡಿಕೊಂಡು ಎಸೆಯುವುದೇ ದಾರಿ.

ಕೆಟ್ಟ ಕಾರ್ಡಿನಲ್ಲಿ ಬೇಕಾದ ವಿಡಿಯೋ ಇದ್ದರೆ ಮೊದಲು ಕಾರ್ಡನ್ನು ಕ್ಯಾಮೆರಾದಿಂದ ತೆಗೆಯಿರಿ, ಇಲ್ಲದಿದ್ದರೆ ಕ್ಯಾಮೆರಾ ಅದರ ಮೇಲೆ ಬರೆಯುತ್ತಲೇ ಇರುತ್ತದೆ. ಡಿಡಿರೆಸ್ಕ್ಯೂನಂಥ ತಂತ್ರಾಂಶದಿಂದ ಇಡೀ ಕಾರ್ಡಿನ ಇಮೇಜ್ (ಪೂರ್ತಿ ನಕಲು) ಮಾಡಿಕೊಳ್ಳಿ. ರಿಪೇರಿ ಏನಿದ್ದರೂ ಆ ನಕಲಿನ ಮೇಲೆ ಮಾಡಿ. ಅವಸರದಲ್ಲಿ ಮೂಲ ಕಾರ್ಡಿನ ಮೇಲೇ ಚೆಕ್‌ಡಿಸ್ಕ್ (ವಿಂಡೋಸ್‌ನ ಡಿಸ್ಕ್ ರಿಪೇರಿ ಸಾಧನ) ಓಡಿಸಿದರೆ ಅದು ಫೈಲ್ ಪಟ್ಟಿಯನ್ನೇ ಬದಲಿಸಿಬಿಡುತ್ತದೆ. ಒಮ್ಮೆ ಹಾಗೆ ಮಾಡಿ ಒಂದು ರಾತ್ರಿಯ ವಿಡಿಯೋ ಕಳೆದುಕೊಂಡೆ. ಆ ನೋವು ಇನ್ನೂ ಇದೆ.

ಈ ಕಾರ್ಡ್ ಬಗ್ಗೆ ನನ್ನ ದೂರು ಒಂದೇ. ಎಷ್ಟು ಸವೆದಿದೆ ಅಂತ ತಿಳಿಯುವುದಿಲ್ಲ. ಕಾರ್ಡಿನ ಆರೋಗ್ಯ ತೋರಿಸುವ ಸೌಲಭ್ಯ ಕೆಲವು ಕ್ಯಾಮೆರಾಗಳಲ್ಲಿದೆ, ಆದರೆ ಅದಕ್ಕೆ ಹೊಂದುವ ಕಾರ್ಡೇ ಬೇಕು. ನಮ್ಮಲ್ಲಿ ‘ನಾರ್ಮಲ್’ ಅನ್ನುವ ಒಂದು ಪದ ಮಾತ್ರ ಬರುತ್ತದೆ. ಅದನ್ನು ನಾನು ನಂಬುವುದಿಲ್ಲ. ತಿಂಗಳಿಗೊಮ್ಮೆ ಪ್ರತಿ ಕಾರ್ಡಿನಿಂದ ಹಿಂದಿನ ರಾತ್ರಿಯ ಐದು ನಿಮಿಷ ವಿಡಿಯೋ ಓಡಿಸಿ ನೋಡುತ್ತೇನೆ. ಎಂಟಕ್ಕೂ ಸೇರಿ ಒಂದು ಗಂಟೆಯೊಳಗೆ ಮುಗಿಯುತ್ತದೆ.

ಹಾಗಾದರೆ ಮತ್ತೆ ಇದನ್ನೇ ಕೊಳ್ಳುತ್ತೇನಾ? ಖಂಡಿತ. ಇಡೀ ದಿನ ಬಿಸಿಲು ಬೀಳುವ ಎರಡು ಕ್ಯಾಮೆರಾಗಳ ಕಾರ್ಡ್‌ಗಳನ್ನು ಈ ವರ್ಷವೇ ಬದಲಿಸುತ್ತಿದ್ದೇನೆ, ಬಿಸಿ ಹೆಚ್ಚಾದಷ್ಟೂ ಫ್ಲ್ಯಾಶ್ ಬೇಗ ಸೋಲುತ್ತದೆ. ಉಳಿದ ಆರು ಇನ್ನೊಂದು ವರ್ಷ ಅಲ್ಲೇ ಇರಲಿ.