ಜಿಪ್ಸಿಗೆ ಏರ್ ಲಾಕರ್, ಥಾರ್‌ಗೆ ಕಂಪನಿ ಲಾಕರ್: ತೋಟದ ದಾರಿಯಲ್ಲಿ ಎರಡನ್ನೂ ಓಡಿಸಿದ ಮೇಲೆ

"ಫೋರ್ ವೀಲ್ ಹಾಕಿದ್ರೂ ಏರಲ್ಲ" ಅಂತ ಗೊಣಗುವವರು ಮಲೆನಾಡಿನಲ್ಲಿ ಪ್ರತಿ ಮಳೆಗಾಲ ಸಿಗುತ್ತಾರೆ. ಫೋರ್ ವೀಲ್ ತನ್ನ ಕೆಲಸ ಮಾಡಿರುತ್ತದೆ, ಕೈ ಕೊಡುವುದು ಡಿಫರೆನ್ಷಿಯಲ್, ಅಂದರೆ ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಹಾಗಾಗಿ ಅದು ಬೇಕೇ ಬೇಕು. ಆದರೆ ಅದು ಎರಡೂ ಚಕ್ರಕ್ಕೆ ಒಂದೇ ಸಮ ಬಲ ಹಂಚುತ್ತದೆ. ಒಂದು ಚಕ್ರ ಕೆಸರಲ್ಲಿ ಸುಮ್ನೆ ಸುತ್ತುತ್ತಿದ್ದರೆ ಅದಕ್ಕೆ ಚೂರೇ ಚೂರು ಬಲ ಸಾಕು. ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಆಗ ಅಷ್ಟೇ ಸಿಗುತ್ತದೆ. ಮುಂದೊಂದು, ಹಿಂದೊಂದು ಚಕ್ರ ಸುತ್ತತೊಡಗಿದರೆ ಗಾಡಿ ನಿಂತಲ್ಲೇ. ಲಾಕರ್ ಆ್ಯಕ್ಸಲ್‌ನ ಎರಡೂ ಕಡೆಯನ್ನು ಒಂದಾಗಿ ಹಿಡಿದು ಒಟ್ಟಿಗೆ ತಿರುಗಿಸುತ್ತದೆ.

ನಮ್ಮ ತೋಟ ಮೂಡಿಗೆರೆ ಕಡೆ. ಮನೆಯಲ್ಲಿ ಎರಡು ಗಾಡಿ. ಒಂದು 1.3 ಲೀಟರ್ ಎಂಜಿನ್ನಿನ ಜಿಪ್ಸಿ, ಅದರ ಹಿಂದಿನ ಆ್ಯಕ್ಸಲ್‌ಗೆ ಏರ್ ಲಾಕರ್ ಹಾಕಿಸಿದ್ದೇವೆ, ಅಂದರೆ ಸ್ವಿಚ್ ಒತ್ತಿದಾಗ ಗಾಳಿಯ ಒತ್ತಡದಿಂದ ಲಾಕ್ ಆಗುವಂಥದ್ದು. ಇನ್ನೊಂದು ಹಳೆ ಡೀಸೆಲ್ ಥಾರ್ ಸಿಆರ್‌ಡಿಇ, 2015ರ ಫೇಸ್‌ಲಿಫ್ಟ್ ನಂತರದ್ದು. ಅದರ ಹಿಂದಿನ ಆ್ಯಕ್ಸಲ್‌ಗೆ ಈಟನ್‌ನ ಮೆಕ್ಯಾನಿಕಲ್ ಲಾಕರ್ ಕಂಪನಿಯಿಂದಲೇ ಬಂದಿದೆ. ಕೆಲವು ಮಳೆಗಾಲ ಎರಡನ್ನೂ ಒಂದೇ ದಾರಿಯಲ್ಲಿ ಓಡಿಸಿದ್ದರಿಂದ ಈ ವಿಮರ್ಶೆ.

ಥಾರ್‌ನದ್ದು ತಂತಾನೇ ಲಾಕ್ ಆಗುವ ಜಾತಿ. ಸ್ವಿಚ್ ಇಲ್ಲ, ಲಿವರ್ ಇಲ್ಲ. ಎಡ ಬಲ ಚಕ್ರಗಳ ವೇಗದಲ್ಲಿ ಸುಮಾರು 100 ಆರ್‌ಪಿಎಂ ವ್ಯತ್ಯಾಸ ಬಂದರೆ ಒಳಗಿನ ಪುಟ್ಟ ತೂಕಗಳು ಹೊರಕ್ಕೆ ಚಾಚಿ ಲಾಕ್ ಮಾಡುತ್ತವೆ. ಅಂದರೆ ನಿಂತ ಗಾಡಿಯಲ್ಲಿ ಒಂದು ಚಕ್ರ ಸೆಕೆಂಡಿಗೆ ಒಂದೂವರೆ ಸುತ್ತಿಗಿಂತ ಜಾಸ್ತಿ ತಿರುಗಬೇಕು. ಆಮೇಲೆ ಹಿಂದಿನಿಂದ ಠಕ್ ಅಂತ ಸದ್ದು, ಗಾಡಿ ಮುಂದಕ್ಕೆ ಜಿಗಿಯುತ್ತದೆ. ಸುಮಾರು 30 ಕಿಲೋಮೀಟರ್ ವೇಗ ದಾಟಿದ ಮೇಲೆ ಅದು ಲಾಕ್ ಆಗುವುದಿಲ್ಲ, ಹೆದ್ದಾರಿಯಲ್ಲಿ ಚಿಂತೆ ಇಲ್ಲ. ಹೊಸಬರು ಮಾಡುವ ಎಡವಟ್ಟು ಏನಂದರೆ, ಚಕ್ರ ಸುತ್ತಿದ ಕೂಡಲೇ ಆಕ್ಸಿಲರೇಟರ್ ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟರೆ ಲಾಕ್ ಆಗುವುದೇ ಇಲ್ಲ. ಹದವಾಗಿ ಒತ್ತಿಕೊಂಡೇ ಇರಬೇಕು, ಠಕ್ ಅಂದ ಮೇಲೆ ಇಳಿಸಬೇಕು. ಕಲ್ಲು, ಒಣ ಕೊರಕಲುಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಜೇಡಿಮಣ್ಣಲ್ಲಿ ಮಾತ್ರ ಆ ಮೊದಲ ಸುತ್ತುಗಳಲ್ಲೇ ಟಯರ್ ಮೆತ್ತಿಕೊಂಡು ನುಣ್ಣಗಾಗಿರುತ್ತದೆ.

ನಿಜವಾದ ವ್ಯತ್ಯಾಸ ಕಾಣುವುದು ಪಕ್ಕಕ್ಕೆ ವಾಲಿದ ದಾರಿಯಲ್ಲಿ. ನಮ್ಮಲ್ಲಿ ಕೆರೆಗೆ ಇಳಿಯುವ ದಾರಿಗೆ ಬಲಗಡೆ ಧರೆ, ಎಡಗಡೆ ಇಳಿಜಾರು, ನಡುವೆ ಪಾಚಿ ಕಟ್ಟಿದ ಮಣ್ಣು. ಲಾಕ್ ಇಲ್ಲದ ಆ್ಯಕ್ಸಲ್‌ನಲ್ಲಿ ಒಂದು ಚಕ್ರ ಸುತ್ತಿದರೂ ಇನ್ನೊಂದು ಸುಮ್ನೆ ನಿಂತು ನೆಲ ಕಚ್ಚಿರುತ್ತದೆ, ಗಾಡಿ ಪಕ್ಕಕ್ಕೆ ಜಾರದಂತೆ ಅದೇ ಹಿಡಿದುಕೊಳ್ಳುತ್ತದೆ. ಲಾಕ್ ಆದ ಆ್ಯಕ್ಸಲ್‌ನಲ್ಲಿ ಸುತ್ತಿದರೆ ಎರಡೂ ಒಟ್ಟಿಗೆ ಸುತ್ತುತ್ತವೆ, ಪಕ್ಕದ ಹಿಡಿತ ಹೋಯಿತು. ಗಾಡಿಯ ಹಿಂಭಾಗ ತಗ್ಗಿನ ಕಡೆ ಜಾರುತ್ತದೆ. ಇದು ಯಾವ ಲಾಕರ್‌ಗಾದರೂ ಸಹಜ, ಯಾವ ಬ್ರ್ಯಾಂಡಿನ ದೋಷವೂ ಅಲ್ಲ. ಆದರೆ ಎಲ್ಲಿ ಲಾಕ್ ಬೇಕು, ಎಲ್ಲಿ ಬೇಡ ಅನ್ನುವುದು ಜಿಪ್ಸಿಯಲ್ಲಿ ನನ್ನ ಬೆರಳಿನ ಕೆಲಸ. ಅಲ್ಲಿ ಲಾಕ್ ತೆಗೆದು, ಲೋ ಗೇರಿನಲ್ಲಿ ಮೆಲ್ಲಗೆ ದಾಟಿ, ಮುಂದಿನ ನೇರ ಏರಿನಲ್ಲಿ ಮತ್ತೆ ಹಾಕುತ್ತೇನೆ. ಥಾರ್‌ನಲ್ಲಿ ಆ ಆಯ್ಕೆ ಇಲ್ಲ, ಹಾಗಾಗಿ ಜೋರು ಮಳೆಯ ದಿನ ಕೆರೆ ಕಡೆಗೆ ಜಿಪ್ಸಿಯೇ ಹೋಗುತ್ತದೆ.

ಏರ್ ಲಾಕರ್ ಸುಲಭದ ಬಾಬತ್ತಲ್ಲ. ಡಿಫರೆನ್ಷಿಯಲ್ ಗೇರುಗಳನ್ನು ಹಿಡಿದಿರುವ ಒಳಗಿನ ಕ್ಯಾರಿಯರ್ ಪೂರ್ತಿ ಬದಲಾಗುತ್ತದೆ. ಕ್ರೌನ್ ಮತ್ತು ಪಿನಿಯನ್ ಅನ್ನುವ ಎರಡು ಮುಖ್ಯ ಗೇರುಗಳ ನಡುವಿನ ಆಟವನ್ನು ಡಯಲ್ ಗೇಜ್ ಇಟ್ಟು ಕೂರಿಸಬೇಕು, ಹಲ್ಲಿಗೆ ಬಣ್ಣದ ಪೇಸ್ಟ್ ಬಳಿದು ತಿರುಗಿಸಿ ಗುರುತು ಹಲ್ಲಿನ ನಡುವೆ ಬೀಳುತ್ತದಾ ನೋಡಬೇಕು. "ಅಂದಾಜಲ್ಲಿ ಕೂರಿಸ್ತೀವಿ ಸರ್" ಅನ್ನುವ ಗ್ಯಾರೇಜಿನಿಂದ ಗಾಡಿ ವಾಪಸ್ ತಗೊಂಡು ಬನ್ನಿ. ಆ್ಯಕ್ಸಲ್‌ನ ಹೊರಗವಚಕ್ಕೆ (ಹೌಸಿಂಗ್) ತೂತು ಕೊರೆದು ಗಾಳಿ ಪೈಪ್ ಹೊರತರಬೇಕು, ಬಾನೆಟ್ ಕೆಳಗೆ ಕಂಪ್ರೆಸರ್ ಕೂರಿಸಬೇಕು. ನಮಗೆ ಹಾಕಿಕೊಟ್ಟ ಗ್ಯಾರೇಜಿನವರು ಕೆಲಸ ಚೆನ್ನಾಗಿ ಮಾಡಿದರು, ಆದರೆ ನೈಲಾನ್ ಪೈಪನ್ನು ಸೈಲೆನ್ಸರ್ ಪಕ್ಕದಲ್ಲೇ ಎಳೆದಿದ್ದರು. ಅದು ಕರಗಿ ತೂತು ಬಿತ್ತು. ಕಂಪ್ರೆಸರ್ ನಿಲ್ಲದೆ ಗುರ್ ಅನ್ನುತ್ತಲೇ ಇತ್ತು, ಲಾಕ್ ಬೀಳುತ್ತಿರಲಿಲ್ಲ. ಪೈಪನ್ನು ಚಾಸಿಯ ಒಳಬದಿಯಲ್ಲಿ ಮತ್ತೆ ಎಳೆಸಿದ ಮೇಲೆ ಸರಿಯಾಯಿತು. ಇಂಥ ಸೋರಿಕೆ ಹುಡುಕಲು ಜಾಯಿಂಟಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದ ಕಡೆ ಸೋರುತ್ತಿದೆ ಅಂತ ತಿಳಿಯಿರಿ. ಲಾಕ್ ತೆಗೆದಾಗ ಗಾಳಿ ಬಿಡುವ ಕವಾಟದಿಂದ (ಸೊಲೆನಾಯ್ಡ್) ಸುಸ್ ಅಂತ ಗಾಳಿ ಬರುವುದು ಸರಿ. ಗಾಳಿಯ ಜೊತೆ ಗೇರ್ ಆಯಿಲ್ ಚಿಮ್ಮುತ್ತಲೇ ಇದ್ದರೆ ಒಳಗಿನ ಸೀಲ್ ನೋಡಿಸಬೇಕು.

ಬಳಸುವ ಕ್ರಮ: ಕೆಸರಿಗೆ ಇಳಿಯುವ ಮೊದಲೇ, ಗಾಡಿ ನಿಂತಿರುವಾಗ ಸ್ವಿಚ್ ಒತ್ತಿ. ಚಕ್ರ ಸುತ್ತುತ್ತಿರುವಾಗ ಒತ್ತಿದರೆ ಹಲ್ಲಿಗೆ ಏಟು. ಟಾರು ರಸ್ತೆಗೆ ಬಂದ ಮೇಲೂ ಲಾಕ್ ಬಿಡದಿದ್ದರೆ ಸ್ವಲ್ಪ ಹಿಂದಕ್ಕೆ ತಗೊಳ್ಳಿ, ಬಿಗಿ ಸಡಿಲಿ ಬಿಟ್ಟುಕೊಳ್ಳುತ್ತದೆ. ತೋಟದ ಡ್ರೈವರ್ ಸ್ವಿಚ್ ಮರೆತು ಪೇಟೆಯವರೆಗೂ ಹೋಗಿದ್ದುಂಟು. ಈಗ ಬಜರ್ ಹಾಕಿಸಿದ್ದೇವೆ, ಕಿರಿಕಿರಿ ಜಾಸ್ತಿ, ಕೆಲಸಕ್ಕೆ ಬರುತ್ತದೆ.

ಉಳಿದ ಆಯ್ಕೆಗಳನ್ನೂ ನೋಡಿದ್ದೆ. ಹಳೆ ಕ್ಯಾರಿಯರ್ ಹಾಗೇ ಉಳಿಸಿ, ಒಳಗಿನ ಪುಟ್ಟ ಗೇರುಗಳ ಜಾಗಕ್ಕೆ ಕೂರಿಸುವ ಲಂಚ್‌ಬಾಕ್ಸ್ ಲಾಕರ್ ಎಲ್ಲಕ್ಕಿಂತ ಅಗ್ಗ. ಆಕ್ಸಿಲರೇಟರ್ ಒತ್ತಿದಾಗೆಲ್ಲ ಅದು ಲಾಕ್, ತಿರುವಿನಲ್ಲಿ ಟಿಕ್ ಟಿಕ್ ಅನ್ನುತ್ತದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯ ಒದ್ದೆ ಹಿಮ್ಮುರಿ ತಿರುವುಗಳಲ್ಲಿ, ಜಿಪ್ಸಿಯಂಥ ಗಿಡ್ಡ ಗಾಡಿಗೆ ಅದು ನನಗೆ ಬೇಡ ಅನ್ನಿಸಿತು. ಪೂರ್ತಿ ಲಾಕ್ ಮಾಡದೆ ಚಕ್ರ ಸುತ್ತುವುದನ್ನು ಒಂದಷ್ಟು ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ರಸ್ತೆಗೆ ಒಳ್ಳೆಯದು, ಚಕ್ರ ಗಾಳಿಯಲ್ಲಿ ತೂಗಿದರೆ ಅದರ ಆಟ ಅಷ್ಟಕ್ಕೇ. ಹೊಸ ಜಿಮ್ನಿಯಲ್ಲಿ ಸುತ್ತುವ ಚಕ್ರಕ್ಕೆ ಬ್ರೇಕ್ ಹಿಡಿದು ಇನ್ನೊಂದಕ್ಕೆ ಬಲ ಕೊಡುವ ವ್ಯವಸ್ಥೆ ಇದೆ, ವಾರಾಂತ್ಯದ ಓಡಾಟಕ್ಕೆ ಧಾರಾಳ ಆಯಿತು. ಹೊಸ ಗಾಡಿಯನ್ನೇ ತಗೊಳ್ಳುವವರಿಗೆ ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಕಡೆ ಲಿವರ್ ಎಳೆದು ಹಾಕುವ ಲಾಕ್ ಕಂಪನಿಯಿಂದಲೇ ಸಿಗುತ್ತದೆ.

ಜಿಪ್ಸಿಯ ಮುಂದಿನ ಆ್ಯಕ್ಸಲ್‌ಗೂ ಹಾಕಿಸಬಹುದಿತ್ತು. ಹಾಕಿದರೆ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಎಳೆಯುತ್ತದೆ, ತಿರುಗಿಸಿಕೊಂಡೇ ಒತ್ತಿದರೆ ತಿರುಗುವ ಮುಂಚಕ್ರಕ್ಕೆ ಬಲ ಮುಟ್ಟಿಸುವ ಬರ್ಫೀಲ್ಡ್ ಜಾಯಿಂಟ್ ಮುರಿಯುವ ಅಪಾಯ ಇದೆ. ಆ ದುಡ್ಡಲ್ಲಿ ಒಳ್ಳೆ ಮಡ್ ಟೆರೇನ್ ಟಯರ್ ತಗೊಂಡೆವು. ಟಯರ್ ಸರಿಯಿಲ್ಲದ ಗಾಡಿಗೆ ಲಾಕರ್ ಹಾಕಿದರೆ ಒಂದು ಚಕ್ರ ಸುತ್ತುವ ಬದಲು ಎರಡು ಸುತ್ತುತ್ತವೆ, ಅಷ್ಟೇ ಲಾಭ.

ಹಳ್ಳ ದಾಟುವವರಾದರೆ ಹಾಕಿಸುವ ದಿನವೇ ಹೌಸಿಂಗ್‌ನೊಳಗೆ ಗಾಳಿಯಾಡಲು ಇರುವ ಬ್ರೀದರ್ ಪೈಪನ್ನೂ ಮೇಲಕ್ಕೆ ಎಳೆಸಿಬಿಡಿ. ಬಿಸಿ ಹೌಸಿಂಗ್ ತಣ್ಣೀರಿಗೆ ಬಿದ್ದ ಕೂಡಲೇ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಗೇರ್ ಆಯಿಲ್ ಹಾಲುಹಾಲಾಗಿ ಕಂಡರೆ ನೀರು ಸೇರಿದೆ ಅಂತ ಅರ್ಥ, ಅವತ್ತೇ ಬದಲಾಯಿಸಿ.